ಹಾಡುತ್ತ ಹಾಡುತ್ತ ರಾಗ

‘ಹಾಡುತ್ತ ಹಾಡುತ್ತ ರಾಗ, ನರಳುತ್ತ ನರಳುತ್ತ ರೋಗ’ ಎಂಬ ಗಾದೆಯನ್ನು ನಮ್ಮ ಹಿರಿಯರು ಬಹುಮಟ್ಟಿಗೆ ಅಭ್ಯಾಸದ ಮಹಿಮೆಯನ್ನು ಹೇಳುವುದಕ್ಕಾಗಿ, ಕಲಿಕೆಯಲ್ಲಿ ಹಿಂದುಳಿದ ಮಕ್ಕಳಿಗೆ ಧೈರ್ಯ ತುಂಬುವ ಸಂದರ್ಭದಲ್ಲಿ ಬಳಸುತ್ತ ಬಂದಿದ್ದಾರೆ. ಆ ಅರ್ಥ ಸರಿಯಾದದ್ದೇ. ಆದರೆ ಗಾದೆ ಅಷ್ಟಕ್ಕೇ ನಿಲ್ಲತಕ್ಕದ್ದಲ್ಲ. ಅದರ ಎರಡು ಭಾಗಗಳನ್ನೂ ಒಟ್ಟಿಗಿಟ್ಟು ನೋಡಿದರೆ, ಲೋಕವು ನಂಬಿಕೊಂಡಿರುವ ಕ್ರಮವನ್ನು ಅದು ಎರಡೆಡೆಯಲ್ಲಿಯೂ ತಿರುವುಮುರುವು ಮಾಡಿರುವುದು ಗೋಚರವಾಗುತ್ತದೆ. ರೋಗ ಮೊದಲು, ನರಳಾಟ ಅನಂತರ ಎಂದು ಲೋಕ ತಿಳಿದಿದೆ. ನರಳಾಟದಿಂದಲೇ ರೋಗವು ಬೇರೂರುತ್ತದೆಂದು ಗಾದೆ ಹೇಳುತ್ತದೆ. ರಾಗವು ಮನಸ್ಸಿನಲ್ಲಿ ಸಂಪೂರ್ಣವಾಗಿ ಸಿದ್ಧವಾದ ಬಳಿಕವೇ ಬಾಯಿ ತೆರೆಯತಕ್ಕದ್ದೆಂದು ಲೋಕ ತಿಳಿದಿದೆ. ಬಾಯಿ ತೆರೆದು ಹಾಡಿದಲ್ಲದೆ ರಾಗವೆಂಬುದೇ ಇಲ್ಲವೆಂದು ಗಾದೆ ಹೇಳುತ್ತದೆ.

ಕಲೆಯ ಹಾದಿಯಲ್ಲಿ ನಡೆಯುವವರಿಗೆ ಬರುವ ವ್ಯಾಧಿಗಳಲ್ಲಿ ಒಂದು, ಪ್ರತಿಭಾಹೀನರನ್ನು ಬಿಟ್ಟು ಪ್ರತಿಭೆಯುಳ್ಳವರನ್ನೇ ಹುಡುಕಿಕೊಂಡು ಬರುತ್ತದೆ. ಅದನ್ನು ಸೋಮಾರಿತನವೆನ್ನುವುದು ಅನ್ಯಾಯ. ಉತ್ತಮವಾದುದನ್ನು ಓದಿ, ಕೇಳಿ, ಕಂಡು ಹದಗೊಂಡ ರಸಜ್ಞತೆಯು ಕೈಗಿಂತ ಬಹಳ ಮುಂದೆ ಓಡಿಹೋದಾಗ, ಕೈ ಮಾಡಿದ್ದೆಲ್ಲವೂ ಕಣ್ಣಿಗೆ ಕನಿಷ್ಠವಾಗಿ ತೋರುತ್ತದೆ. ಅಂಥವರು ಬರೆಯುತ್ತಿರುವ ಕಾದಂಬರಿಯನ್ನು ಕೈಗೆ ತೆಗೆದುಕೊಂಡು ನೋಡಿರಿ: ಮೊದಲನೆಯ ಪುಟದಲ್ಲಿ ಗೀಟಿನ ಮೇಲೆ ಗೀಟು, ಸಾಲಿನ ನಡುವೆ ಸಾಲು, ಅಂಚಿನಲ್ಲಿ ಮತ್ತೊಂದು ಪಾಠಾಂತರ, ಎರಡನೆಯ ಅಧ್ಯಾಯಕ್ಕೆ ತಲೆಬರಹವೊಂದೇ, ಅದರಾಚೆಗೆಲ್ಲ ಬರಿಯ ಬಿಳಿಯ ಹಾಳೆ. ಪೂರ್ಣತೆಯನ್ನು ಬಯಸಿದ್ದಕ್ಕಾಗಿಯೇ ಕೃತಿ ಅಪೂರ್ಣವಾಗಿ ಉಳಿಯಿತೆಂಬುದು ನಿಜವಾಗಿಯೂ ವ್ಯಸನಪಡಬೇಕಾದ ಸಂಗತಿ.

ರಾಗವನ್ನು ಗಾದೆ ಎತ್ತಿಕೊಂಡಿರುವುದು ಬಹು ಯುಕ್ತವಾಗಿದೆ. ಯಾವ ಗಾಯಕನೂ ತೋಡಿಯನ್ನಾಗಲಿ ಭೈರವಿಯನ್ನಾಗಲಿ ಹಾಡಿ ಮುಗಿಸಿದವನಲ್ಲ, ಮುಗಿಸಲಾರ. ಆದರೂ ಪ್ರತಿ ಕಛೇರಿಯೂ ಮುಗಿಯುತ್ತದೆ. ಅಂದಿನ ಆಲಾಪನೆ ಒಲಿಯಲಿ, ಒಲಿಯದಿರಲಿ, ಹೊತ್ತಾಯಿತೆಂದರೆ ಮಂಗಳ ಹಾಡಲೇಬೇಕು. ಈ ನಿಯಮದ ಬಿಗಿ ಎಂಥದೆಂಬುದು ಗಾಯಕಿ ಗೌಹರ್ ಜಾನರ ವೃತ್ತಾಂತದಲ್ಲಿ ಚೆನ್ನಾಗಿ ಕಾಣುತ್ತದೆ. 1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಪರವಾಗಿ ಕಲ್ಕತ್ತೆಗೆ ಬಂದ ಫ್ರೆಡ್ ಗೈಸ್‌ಬರ್ಗ್ ಎಂಬಾತ ಅವರ ಹಾಡನ್ನು ಮುದ್ರಿಸಿಕೊಂಡನು. ಗಂಟೆಗಟ್ಟಲೆ ವಿಸ್ತರಿಸಬಲ್ಲ ಆ ಕಂಠಕ್ಕೆ ಅಲ್ಲಿ ದೊರೆತದ್ದು ಹೆಚ್ಚುಕಡಮೆ ಮೂರು ನಿಮಿಷ. ಕಹಳೆಯಾಕಾರದ ಕೊಳವೆಯ ಮುಂದೆ ನಿಂತು ಹಾಡಬೇಕು. ಹಾಡಿದ್ದು ಹಾಡಿದಂತೆ ತಿರುಗುವ ಮೇಣದ ತಟ್ಟೆಯ ಮೇಲೆ ಗೀರಾಗಿ ಇಳಿಯುತ್ತದೆ. ನಡುವೆ ಒಂದು ಸ್ವರ ಜಾರಿದರೆ ಅದೊಂದನ್ನೇ ತಿದ್ದುವ ಉಪಾಯವಿಲ್ಲ. ಆ ತಟ್ಟೆಯನ್ನು ಬಿಸುಟು ಮೊದಲಿನಿಂದ ಹಾಡಬೇಕು, ಇಲ್ಲವೆ ಅದನ್ನೇ ಒಪ್ಪಿ ಕಳುಹಿಸಬೇಕು. ಹಾಡು ಮುಗಿಯುತ್ತಿದ್ದಂತೆಯೇ ಅವರು ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಸಾರುತ್ತಿದ್ದರು. ತಟ್ಟೆಗಳು ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಹಾಡಿದವರು ಯಾರೆಂದು ಅಲ್ಲಿನ ಕೆಲಸಗಾರರಿಗೆ ತಿಳಿಯಲೆಂದು ಈ ಏರ್ಪಾಡು. ಕಾರಣ ವ್ಯಾವಹಾರಿಕವಾದದ್ದಾದರೂ ಆ ಧ್ವನಿಯಲ್ಲಿ ನನಗೆ ಒಂದು ಧೀರತೆ ಕೇಳಿಸುತ್ತದೆ: ಇದು ನನ್ನದು, ಮುಗಿಯಿತು, ಇನ್ನು ನಿಮ್ಮದು. ಹೀಗೆ ಒಪ್ಪಿಸಿಕೊಟ್ಟ ಹಾಡುಗಳು ನೂರಾರು. ತಮ್ಮ ಕೊನೆಗಾಲದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನವನ್ನು ಸೇರಿದ ಆಕೆ 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಮೂರು ನಿಮಿಷದಲ್ಲಿ ರಾಗಕ್ಕೆ ನ್ಯಾಯ ಸಲ್ಲದೆಂದು ಅವರು ಮುನಿದು ಹಿಂದಿರುಗಿದ್ದರೆ, ಆ ಕಂಠದ ಒಂದು ಎಳೆಯೂ ನಮ್ಮ ಕಿವಿಗೆ ಬೀಳುತ್ತಿರಲಿಲ್ಲ.

ಹಾಗಾದರೆ ಹೇಗೋ ಒಂದು ಹಾಡಿ ಮುಗಿಸಿದರೆ ಸಾಕೆ ಎಂದು ಕೇಳಬಹುದು. ಗಾದೆ ಹಾಗೆ ಹೇಳಿಲ್ಲ. ಹಾಡುವುದೆಂದರೆ ಶ್ರುತಿ ಹಿಡಿದು, ಆ ಹೊತ್ತಿಗೆ ತನ್ನಲ್ಲಿರುವ ಶಕ್ತಿಯನ್ನೆಲ್ಲ ಧಾರೆಯೆರೆದು ಹಾಡುವುದು. ಅದರಲ್ಲಿ ಉದಾಸೀನಕ್ಕೆ ಎಡೆಯಿಲ್ಲ. ಆದರೆ ಒಂದೇ ಕೃತಿಯನ್ನು ಉಜ್ಜುತ್ತ ಕುಳಿತವನಿಗೆ ಎಂದೂ ಕಾಣದ ದೋಷವು, ಅದನ್ನು ಮುಗಿಸಿ ಮುಂದಿನದಕ್ಕೆ ಕೈಯಿಟ್ಟವನಿಗೆ ತಾನಾಗಿಯೇ ಕಾಣುತ್ತದೆ. ತಿದ್ದುಪಡಿಯ ಅತ್ಯುತ್ತಮವಾದ ಸ್ಥಾನ ಮುಂದಿನ ಕೃತಿಯೇ ಎಂದು ನಾನು ದೃಢವಾಗಿ ನಂಬಿದ್ದೇನೆ.

ಹೊಯ್ಸಳ ಶಿಲ್ಪಿ ಮಲ್ಲಿತಮ್ಮನನ್ನು ನೆನೆಯಿರಿ. ತರೀಕೆರೆಯ ಬಳಿಯ ಅಮೃತಾಪುರದಲ್ಲಿ 1196ರ ಅಮೃತೇಶ್ವರ ದೇಗುಲದ ಕೆಲಸದಲ್ಲಿ ಅವನ ಕೈವಾಡವಿತ್ತೆಂದೂ, ಹದಿಮೂರನೆಯ ಶತಮಾನದ ಉತ್ತರಾರ್ಧದಲ್ಲಿ ಸೋಮನಾಥಪುರದ ಕೇಶವ ದೇವಾಲಯದಲ್ಲಿಯೂ ಅವನೇ ಉಳಿ ಹಿಡಿದನೆಂದೂ ವಿದ್ವಾಂಸರು ಹೇಳುತ್ತಾರೆ. ಸೋಮನಾಥಪುರದ ಹೊರಗೋಡೆಯ ವಿಗ್ರಹಗಳ ಕೆಳಗೆ ಬಾಗಿ ನೋಡಿದರೆ ಅವನ ಹೆಸರು ಒಂದರ ಮೇಲೊಂದಾಗಿ ಸಿಕ್ಕುತ್ತ ಹೋಗುತ್ತದೆ. ಅವನ ಹೆಸರು ಹೊತ್ತ ವಿಗ್ರಹಗಳೆಲ್ಲವೂ ಒಂದೇ ಎತ್ತರದ ಕಲೆಯವಲ್ಲ. ಹೆಸರು ಮಾತ್ರ ಎಲ್ಲದರಡಿಯಲ್ಲಿಯೂ ಒಂದೇ ನಿಸ್ಸಂಕೋಚದಿಂದ ಕೊರೆದದ್ದು. ಒಂದು ಪ್ರತಿಮೆಯ ತುಟಿಯ ಅಂಚನ್ನು ಅರುವತ್ತು ವರ್ಷ ನಯಗೊಳಿಸುತ್ತ ಕುಳಿತಿದ್ದರೆ ಆ ಕೈಗೆ ಆ ಸಲೀಸು ಎಲ್ಲಿಂದ ಬರಬೇಕು?

ಕಾವ್ಯದಲ್ಲಿ ಕುಮಾರವ್ಯಾಸನು, ಇಟ್ಟ ಪದವನ್ನು ಅಳಿಸದಿರುವುದೇ ತನ್ನ ಅಗ್ಗಳಿಕೆಯೆಂದು ಸಾರಿದವನು. ಅವನ ಭಾರತ ಹತ್ತು ಪರ್ವಗಳಿಗೆ ನಿಂತಿತು. ಹದಿನೆಂಟರಲ್ಲಿ ಎಂಟು ಉಳಿದವು. ಅಷ್ಟರಿಂದ ಅದಕ್ಕೆ ಬಂದ ಕುಂದೇನು? ಗದುಗಿನ ವೀರನಾರಾಯಣನಿಗೆ ಅರ್ಪಿತವಾದ ಆ ಹತ್ತು ಪರ್ವಗಳು ಊರೂರಿನ ಜಗಲಿಗಳಲ್ಲಿ ಗಮಕಿಗಳ ಕಂಠವನ್ನೇರಿದವು. ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಬರೆದು ಸೇರಿಸಿದನು.