ಅಳೆಯುವವನ ಋಜುತ್ವ

ತಾನೇ ಓರೆಯಾದುದು ಇನ್ನೊಂದರ ಓರೆಯನ್ನು ತಿದ್ದಬಲ್ಲುದೇ? ಸ್ವತಃ ದೋಷಯುಕ್ತನಾದ ಮನುಷ್ಯನು ಅನ್ಯರ ದೋಷವನ್ನು ಎತ್ತಿ ತೋರಿಸುವುದು ಧರ್ಮವೇ? ಗೃಹಸ್ಥರನ್ನು ದಿನವೂ ಕಾಡುವ ಪ್ರಶ್ನೆಯಿದು. ಮಗನನ್ನು ಗದರಿಸುವ ತಂದೆಗೆ ತನ್ನ ಯೌವನದ ನಡತೆ ನೆನಪಿಗೆ ಬರುತ್ತದೆ. ಒಡನೆ ಅವನ ಮಾತು ಕುಗ್ಗುತ್ತದೆ, ಇಲ್ಲವೇ ಆ ನೆನಪನ್ನು ಅಡಗಿಸುವುದಕ್ಕಾಗಿ ಧ್ವನಿ ಮತ್ತಷ್ಟು ಏರುತ್ತದೆ. ಈ ಪ್ರಶ್ನೆಗೆ ಪಂಡಿತರು ಬಹುವಿಧವಾದ ಸಮಾಧಾನಗಳನ್ನು ಹೇಳಿದ್ದಾರೆ. ಕಬ್ಬಿಣದ ಕಾಯಕದವರು ವಾದವಿಲ್ಲದೆ ಕಂಡುಕೊಂಡ ಸಮಾಧಾನವೂ ಒಂದುಂಟು, ಅದು ವಿಚಾರಾರ್ಹವಾದುದು.

ತಮ್ಮ ಮನೆಯಲ್ಲಿಯೇ ಸಣ್ಣ ಯಂತ್ರವನ್ನು ಕಟ್ಟಿಕೊಳ್ಳುವ ಆಸಕ್ತರು ಇಂದು ಅನೇಕ ದೇಶಗಳಲ್ಲಿದ್ದಾರೆ. ಉಕ್ಕಿನ ಚೌಕ ಕೊಳವೆಗಳನ್ನು ಬೆಸೆದು ಚೌಕಟ್ಟು ಮಾಡಿ, ಅದರ ಮೇಲೆ ಎರಡು ಹಳಿಗಳನ್ನು ಬೋಲ್ಟುಗಳಿಂದ ಬಿಗಿದು, ಮರವನ್ನೋ ಲೋಹವನ್ನೋ ಕೆತ್ತುವ ಉಪಕರಣವು ಆ ಹಳಿಗಳ ಮೇಲೆ ಓಡಾಡುವಂತೆ ಏರ್ಪಡಿಸುತ್ತಾರೆ. ಹಳಿಗಳು ಕಾರ್ಖಾನೆಯಲ್ಲಿ ನುಣ್ಣಗೆ ಸಾಣೆ ಹಿಡಿಸಿಕೊಂಡು ಬಂದಿರುತ್ತವೆ. ಆದರೆ ಬೆಸುಗೆಯ ಬೆಂಕಿಯನ್ನುಂಡ ಚೌಕಟ್ಟು ನೆಟ್ಟಗೆ ಉಳಿಯುವುದಿಲ್ಲ. ಕಾದ ಲೋಹವು ಆರುವಾಗ ಕುಗ್ಗುತ್ತದೆ. ಕುಗ್ಗುವಾಗ ನೆರೆಯ ಭಾಗವನ್ನೂ ತನ್ನತ್ತ ಸೆಳೆಯುತ್ತದೆ. ಇಂತಹ ಬಾಗಿದ ಚೌಕಟ್ಟಿಗೆ ನೇರವಾದ ಹಳಿಯನ್ನು ಬಿಗಿದರೆ ಚೌಕಟ್ಟು ಹಳಿಯಂತಾಗುವುದಿಲ್ಲ, ಹಳಿಯೇ ಚೌಕಟ್ಟಿನಂತಾಗುತ್ತದೆ. ದುರ್ವ್ಯಸನಿಯಾದ ಮಗನನ್ನು ಸರಿಪಡಿಸಲೆಂದು ಸದ್ಗುಣಿಯಾದ ಕನ್ಯೆಯನ್ನು ತಂದು ಕಟ್ಟುವ ಹಿರಿಯರು ಇದನ್ನು ಗಮನಿಸುವುದು ಒಳ್ಳೆಯದು.

ಆದುದರಿಂದ ಬಲ್ಲವರು ಮೊದಲು ಹಳಿ ಕೂರುವ ನೆಲೆಯನ್ನು ಸಮಗೊಳಿಸುತ್ತಾರೆ. ತಗ್ಗಿದಲ್ಲಿ ತೆಳುವಾದ ತಗಡಿನ ತುಂಡುಗಳನ್ನು ಇಡುವುದುಂಟು. ನೀರಿನಂತೆ ಹರಡಿ ಗಟ್ಟಿಯಾಗುವ ಎಪಾಕ್ಸಿ ರಾಳವನ್ನು ಹೊಯ್ಯುವುದೂ ಉಂಟು. ಎಲ್ಲಿ ತಗ್ಗು, ಎಲ್ಲಿ ಉಬ್ಬು ಎಂದು ತಿಳಿಯಲು ರಸಮಟ್ಟ ಬೇಕು. ಒಂದು ಮೀಟರಿಗೆ 0.02 ಮಿಲಿಮೀಟರಿನಷ್ಟು ಓರೆಯಿದ್ದರೂ ಅದರ ಗುಳ್ಳೆ ಒಂದು ಗೆರೆ ಸರಿಯುವಂಥ ಸೂಕ್ಷ್ಮವಾದ ಮಟ್ಟಗಳಿವೆ. ಆದರೆ ಆ ಮಟ್ಟವೇ ಓರೆಯಾಗಿದ್ದರೆ? ಇಲ್ಲಿಯೇ ನಮ್ಮ ಪ್ರಶ್ನೆ ಎದುರಾಗುತ್ತದೆ.

ಕೆಲಸಗಾರನು ಇದಕ್ಕಾಗಿ ನಿರ್ದುಷ್ಟವಾದ ಮತ್ತೊಂದು ಮಟ್ಟವನ್ನು ಹುಡುಕಿಕೊಂಡು ಹೋಗುವುದಿಲ್ಲ. ಇರುವುದನ್ನೇ ಹಳಿಯ ಮೇಲಿಟ್ಟು ನೋಡುತ್ತಾನೆ. ಬಳಿಕ ಅದೇ ಸ್ಥಳದಲ್ಲಿ ಅದನ್ನು ತುದಿಗೆ ತುದಿ ತಿರುಗಿಸಿಟ್ಟು ಮತ್ತೆ ನೋಡುತ್ತಾನೆ. ಮೊದಲು ಗುಳ್ಳೆ ಪೂರ್ವಕ್ಕೆ ಮೂರು ಗೆರೆ ಸರಿದಿತ್ತು, ತಿರುಗಿಸಿದ ಮೇಲೆ ಪೂರ್ವಕ್ಕೆ ಒಂದೇ ಗೆರೆ ಸರಿಯಿತು ಎಂದಿಟ್ಟುಕೊಳ್ಳೋಣ. ವ್ಯತ್ಯಾಸ ಎರಡು; ಅದರ ಅರ್ಧ, ಎಂದರೆ ಒಂದು ಗೆರೆ, ಮಟ್ಟದ ಸ್ವಂತ ದೋಷ. ಉಳಿದ ಎರಡು ಗೆರೆ ನಿಜವಾಗಿಯೂ ಹಳಿಯ ಓರೆ. ದೋಷವುಳ್ಳ ಸಾಧನವೇ ತನ್ನ ದೋಷವನ್ನೂ ಹೇಳಿತು, ಹಳಿಯ ದೋಷವನ್ನೂ ಹೇಳಿತು. ಅದು ಮಾಡಬೇಕಾದುದಿಷ್ಟೇ: ತಿರುಗಿ ಕೂರಲು ಒಪ್ಪುವುದು.

ಸಾಲ ಕೊಟ್ಟವನಾಗಿ ಕುಳಿತು ಹೇಳುವ ನ್ಯಾಯವನ್ನು ಸಾಲ ಪಡೆದವನ ಜಾಗದಲ್ಲಿ ಕುಳಿತೂ ಹೇಳಿ ನೋಡಬೇಕು. ಎರಡು ತೀರ್ಪುಗಳಿಗಿರುವ ಅಂತರದಲ್ಲಿ ತನ್ನ ಪಾಲು ಕಾಣುತ್ತದೆ. ಆದರೆ ಇನ್ನೊಂದು ಸೂಕ್ಷ್ಮವನ್ನು ಮರೆಯಲಾಗದು. ತನ್ನ ದೋಷ ಕಂಡಿತೆಂಬ ಮಾತ್ರಕ್ಕೆ ಹಳಿಯ ಓರೆ ಸುಳ್ಳಾಗಲಿಲ್ಲ. 'ನಾನೇನು ಮಹಾ ಶುದ್ಧನೇ? ಅವರಿವರಿಗೆ ಬುದ್ಧಿ ಹೇಳಲು ನಾನಾರು?' ಎಂದು ಸುಮ್ಮನಾಗುವವರ ವಿನಯವು ಅನೇಕ ವೇಳೆ ವಿನಯವಲ್ಲ, ಆಲಸ್ಯ. ಲೆಕ್ಕ ಮಾಡಿದರೆ ಹೇಳಬೇಕಾದ ಎರಡು ಗೆರೆ ಇನ್ನೂ ಉಳಿದೇ ಇರುತ್ತವೆ.

ನೇರವಾದ ಪಟ್ಟಿಯೆಂಬುದು ಲೋಕಕ್ಕೆ ಮೊದಲು ಎಲ್ಲಿಂದ ಬಂದಿತೆಂಬ ವಿಚಾರವು ಇನ್ನೂ ಗಹನವಾದುದು. ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ 1840 ರಲ್ಲಿ ಗ್ಲಾಸ್ಗೋ ನಗರದ ವಿದ್ವತ್ಸಭೆಯಲ್ಲಿ ಲೋಹದ ಸಮತಲಗಳನ್ನು ಕುರಿತು ಪ್ರಬಂಧವನ್ನೋದಿದನು. 1831 ರಲ್ಲಿ ತೀರಿಕೊಂಡ ಹೆನ್ರಿ ಮಾಡ್ಸ್‌ಲೆಯ ಲಂಡನ್ ಕಾರ್ಯಶಾಲೆಯಲ್ಲಿ ಅವನು ಹಿಂದೆ ದುಡಿದವನು. ಎರಡು ಫಲಕಗಳನ್ನು ಒಂದಕ್ಕೊಂದು ಬಣ್ಣ ತಾಗಿಸಿ, ಉಬ್ಬಿದಲ್ಲಿ ಕೆರೆದು ಕೆರೆದು ಹೊಂದಿಸಿದರೆ ಅವು ಕೂದಲೆಳೆಯ ಸಂದಿಲ್ಲದೆ ಕೂಡಿಕೊಳ್ಳುತ್ತವೆ. ಆದರೂ ಅವು ಸಮವೆಂದು ಹೇಳಲಾಗದು. ಏಕೆಂದರೆ ಒಂದು ಉಬ್ಬಿ, ಇನ್ನೊಂದು ಅದಕ್ಕೆ ತಕ್ಕಂತೆ ತಗ್ಗಿದ್ದರೂ ಕೂಡಿಕೆ ಹಾಗೆಯೇ ಇರುತ್ತದೆ. ಮೂರನೆಯ ಫಲಕ ಬೇಕು. ಮೊದಲನೆಯದು ಎರಡನೆಯದಕ್ಕೆ, ಎರಡನೆಯದು ಮೂರನೆಯದಕ್ಕೆ, ಮೂರನೆಯದು ಮೊದಲನೆಯದಕ್ಕೆ ಹೊಂದಬೇಕು. ಉಬ್ಬಿದುದಕ್ಕೆ ಉಬ್ಬಿದುದು ಹೊಂದದು. ತಗ್ಗಿದುದಕ್ಕೆ ತಗ್ಗಿದುದೂ ಹೊಂದದು. ಮೂರೂ ತಮ್ಮತಮ್ಮಲ್ಲಿ ಹೊಂದಬೇಕಾದರೆ ಉಬ್ಬುತಗ್ಗುಗಳು ಅಳಿಯಲೇಬೇಕು. ಅಷ್ಟಾದರೂ ಒಂದೇ ದಿಕ್ಕಿನಲ್ಲಿ ಹೊಂದಿಸುತ್ತ ಹೋದರೆ ಮೂರೂ ಒಂದೇ ಬಗೆಯ ತಿರುಚನ್ನು ಬಚ್ಚಿಟ್ಟುಕೊಳ್ಳಬಹುದು. ಆದುದರಿಂದ ಅಡ್ಡಲಾಗಿ ತಿರುಗಿಸಿಯೂ ನೋಡತಕ್ಕದ್ದು. ಪರಿಪೂರ್ಣವಾದ ಮೂಲಪ್ರತಿ ಯಾವುದೂ ಇರಲಿಲ್ಲ. ಮೂರು ಅಪೂರ್ಣಗಳಿಂದಲೇ ಸಮತ್ವವು ಪ್ರಕಟವಾಯಿತು.

ಜಗಳವೇ ಇಲ್ಲದ ಮನೆಯೆಂದು ಊರವರು ಹೊಗಳುವ ಮನೆಗಳುಂಟು. ಹಿರಿಯನು ಅಬ್ಬರಿಸುತ್ತಾನೆ, ಉಳಿದವರು ತಗ್ಗುತ್ತಾರೆ, ಕೂಡಿಕೆಯಲ್ಲಿ ಸಂದಿಲ್ಲ. ಆ ಮನೆಗೆ ಸೊಸೆಯೊಬ್ಬಳು ಬರುತ್ತಾಳೆ. ಅವಳು ಉಬ್ಬಿದವಳೂ ಅಲ್ಲ, ತಗ್ಗುವವಳೂ ಅಲ್ಲ. ಒಡನೆ ಎಲ್ಲವೂ ಅಲುಗಾಡತೊಡಗುತ್ತದೆ. 'ಇವಳು ಕಾಲಿಟ್ಟ ಮೇಲೆ ಮನೆ ಕೆಟ್ಟಿತು' ಎಂಬ ಮಾತು ಹುಟ್ಟುವುದು ಆಗ. ಕೆಟ್ಟದ್ದು ಆಗಲೇ ಇತ್ತು, ಕಾಣಿಸಿದ್ದು ಈಗ. ಅಲುಗಾಟದ ಹೊಣೆಯನ್ನು ಮೂರನೆಯ ಫಲಕದ ಮೇಲೆ ಹೊರಿಸಿ ಅದನ್ನೇ ಬಗ್ಗಿಸಹೊರಡುವವರು ಪರೀಕ್ಷೆಯನ್ನೇ ಕೆಡಿಸಿದಂತಾಗುತ್ತದೆ. ಇದರಿಂದ ಎಷ್ಟು ಬಾಳುಗಳು ಬಾಗಿವೆಯೆಂಬುದನ್ನು ವಾಚಕರು ಬಲ್ಲರು. ಸೊಸೆಯೂ ಅಪೂರ್ಣಳೇ ಎನ್ನುವುದು ನಿಜ. ಕೆರೆಯುವ ಕೆಲಸವು ಮೂರು ಫಲಕಗಳಿಗೂ ಸಲ್ಲುತ್ತದೆ, ಒಂದಕ್ಕೇ ಅಲ್ಲ.

ಯಂತ್ರ ಕಟ್ಟುವವರು ಕಡೆಯಲ್ಲಿ ಒಂದು ಹಳಿಯನ್ನು ಹೀಗೆ ಪರೀಕ್ಷಿಸಿ ಬಿಗಿದು, ಎರಡನೆಯದನ್ನು ಸಡಿಲವಾಗಿ ಇಟ್ಟು, ಮೇಲೆ ಓಡಾಡುವ ಪೀಠವನ್ನು ತುದಿಯಿಂದ ತುದಿಗೆ ಮೆಲ್ಲನೆ ತಳ್ಳುತ್ತ, ಅದು ನಿಂತಲ್ಲೆಲ್ಲ ಒಂದೊಂದೇ ಬೋಲ್ಟನ್ನು ಬಿಗಿಯುತ್ತ ಹೋಗುತ್ತಾರೆ. ಪೀಠ ಎಲ್ಲಿಯಾದರೂ ತಡೆದರೆ ತಳ್ಳುವ ಬಲವನ್ನು ಹೆಚ್ಚಿಸುವುದಿಲ್ಲ, ಬಿಗಿದುದನ್ನು ಸಡಿಲಿಸುತ್ತಾರೆ. ಒಂದು ಮೀಟರ್ ಉಕ್ಕು ಒಂದು ಡಿಗ್ರಿ ಸೆಲ್ಸಿಯಸ್ ಕಾವಿಗೆ ಸುಮಾರು 0.012 ಮಿಲಿಮೀಟರ್ ಹಿಗ್ಗುತ್ತದೆ. ಕಿಟಕಿಯ ಬಿಸಿಲು ಒಂದೇ ಮಗ್ಗುಲಿಗೆ ಬಿದ್ದರೂ ಚೌಕಟ್ಟು ಬಾಗುತ್ತದೆ. ಆದುದರಿಂದ ಸಂಜೆ ಸರಿಯಾಗಿ ಕಂಡ ಹಳಿಯ ಮೇಲೆ ಮರುದಿನ ಬೆಳಗಿನ ತಂಪಿನಲ್ಲಿ ಮತ್ತೊಮ್ಮೆ ರಸಮಟ್ಟವನ್ನಿಡುತ್ತಾರೆ, ತಿರುಗಿಸಿಯೂ ಇಡುತ್ತಾರೆ.