ಪಡಿತರ ನಿಂತ ಮೇಲೆ

ತೋಫುವನ್ನು ತ್ರಿಕೋನವಾಗಿ ಕತ್ತರಿಸಿ, ಎಣ್ಣೆಯಲ್ಲಿ ಕರಿದು, ನಡುವೆ ಸೀಳಿ ಅನ್ನ ತುಂಬುತ್ತಾರೆ. ಮೇಲೆ ಖಾರದ ಗೊಜ್ಜು ಸವರುತ್ತಾರೆ. ಉತ್ತರ ಕೊರಿಯಾದ ಹೆಂಗಸರು ಇಂಥ ತಿಂಡಿ ಮಾರಿಯೇ ಬರಗಾಲದಲ್ಲಿ ಮಕ್ಕಳನ್ನು ಉಳಿಸಿಕೊಂಡರು. ಸರ್ಕಾರದ ಕಣ್ಣಲ್ಲಿ ಅದು ಅಪರಾಧವಾಗಿತ್ತು.

ಆ ದೇಶದಲ್ಲಿ ಯಾರಿಗೆ ಎಷ್ಟು ಗ್ರಾಂ ಧಾನ್ಯ ಎಂಬುದನ್ನು ಪ್ರಭುತ್ವವೇ ನಿಗದಿ ಮಾಡುತ್ತಿತ್ತು. 1991ರಲ್ಲಿ ಸೋವಿಯತ್ ಒಕ್ಕೂಟ ಕುಸಿದು ನೆರವು ನಿಂತಿತು. 1995ರ ನೆರೆಗೆ ಬೆಳೆ ಕೊಚ್ಚಿಹೋಯಿತು. ಬಹುತೇಕ ಕಡೆ ಪಡಿತರ ಬರಲೇ ಇಲ್ಲ. ಲಕ್ಷಾಂತರ ಜನ ಹಸಿದು ಸತ್ತರು. ಸರ್ಕಾರವನ್ನು ನಂಬಿ ಸುಮ್ಮನೆ ಕಾದವರೇ ಮೊದಲು ಹೋದರೆಂದು ತಪ್ಪಿಸಿಕೊಂಡು ಬಂದ ಅನೇಕರು ಹೇಳಿದ್ದಾರೆ. ಈ ಮಾತು ನನ್ನನ್ನು ಬಹಳ ಕಾಡಿದೆ.

ಗಂಡಸರು ಸಂಬಳವಿಲ್ಲದಿದ್ದರೂ ಕಾರ್ಖಾನೆಗೆ ಹಾಜರಿ ಹಾಕಲೇಬೇಕಿತ್ತು. ಮದುವೆಯಾದ ಹೆಂಗಸರಿಗೆ ಆ ಕಟ್ಟು ಇರಲಿಲ್ಲ. ಹಾಗಾಗಿ ಬುಟ್ಟಿ ಹೊತ್ತವರು ಅವರೇ. ಪೊಲೀಸರು ಬಂದರೆ ಗಂಟುಮೂಟೆ ಎತ್ತಿಕೊಂಡು ಓಡುವುದು, ಹೋದ ಮೇಲೆ ಮತ್ತೆ ಹಾಸಿ ಕೂರುವುದು. ಇಂಥ ಸಂತೆಗೆ ಅಲ್ಲಿನವರು ಮಿಡತೆ ಸಂತೆ ಎನ್ನುತ್ತಾರೆ.

ತೆರಿಗೆ, ಪರವಾನಗಿಗಳಿಂದ ತಪ್ಪಿಸಿಕೊಂಡು ನಡೆಸುವ ವ್ಯಾಪಾರವೇ ಪ್ರಭುತ್ವವನ್ನು ಸಡಿಲಿಸುವ ಹೋರಾಟ ಎಂದು, ಪ್ರಭುತ್ವವೇ ಬೇಡವೆನ್ನುತ್ತಿದ್ದ ಚಿಂತಕ ಸ್ಯಾಮ್ಯುಯೆಲ್ ಕಾಂಕಿನ್ 1980ರ ತನ್ನ ಪ್ರಣಾಳಿಕೆಯಲ್ಲಿ ವಾದಿಸಿದ. ಈ ಹೆಂಗಸರು ಅವನ ಹೆಸರನ್ನೂ ಕೇಳಿರಲಾರರು. ಆದರೂ ಅವನ ಮಾತನ್ನು ನಾನು ತಳ್ಳಿಹಾಕಲಾರೆ. 2009ರ ನವೆಂಬರ್‌ನಲ್ಲಿ ಸರ್ಕಾರ ಹಳೆಯ 100 ವೋನ್‌ಗೆ ಹೊಸ 1 ವೋನ್ ಎಂದಿತು, ಬದಲಾಯಿಸಿಕೊಳ್ಳುವ ಮೊತ್ತಕ್ಕೂ ಮಿತಿ ಹಾಕಿತು. ಸಂತೆಯವರು ವರ್ಷಗಟ್ಟಲೆ ಕೂಡಿಟ್ಟದ್ದು ಬರಿಯ ಕಾಗದವಾಯಿತು. ಜನ ಎಷ್ಟು ಕೆರಳಿದರೆಂದರೆ, ಸಂತೆಗಳ ಮೇಲಿನ ನಿರ್ಬಂಧವನ್ನು ಕೆಲವೇ ತಿಂಗಳಲ್ಲಿ ಸಡಿಲಿಸಬೇಕಾಯಿತು. ಅಲ್ಲಿ ಆಳುವವರು ಹೀಗೆ ಹಿಂದೆ ಸರಿದದ್ದು ಅಪರೂಪ.

ಕಾಂಕಿನ್ ಎಣಿಸಿದಂತೆ ಪ್ರಭುತ್ವವೇನೂ ಕರಗಲಿಲ್ಲ. ಅದು ಸಂತೆಯೊಳಕ್ಕೇ ಬಂದು ಕೂತಿತು. ಮಳಿಗೆಗೆ ಶುಲ್ಕ, ಪೊಲೀಸನಿಗೆ ಲಂಚ. ಕಾರ್ಖಾನೆಗೆ ಹಣ ಕಟ್ಟಿ ಹಾಜರಿ ತಪ್ಪಿಸಿಕೊಂಡ ಗಂಡಸರೂ ಸಂತೆಗೆ ಬಂದರು. ಕದ್ದು ಬದುಕುವವರಿಗೆ ನ್ಯಾಯ ಕೇಳಲು ಕಟ್ಟೆಯಿಲ್ಲ, ಸಂಪಾದಿಸಿದ್ದು ತನ್ನದೆನ್ನಲು ಪತ್ರವಿಲ್ಲ. ಈ ವ್ಯವಸ್ಥೆಯನ್ನು ಸ್ವಾತಂತ್ರ್ಯ ಎಂದು ಕೊಂಡಾಡಲು ನನಗೆ ಮನಸ್ಸಾಗುವುದಿಲ್ಲ. ಅದನ್ನು ಅಪರಾಧ ಎನ್ನುವ ಅಧಿಕಾರವನ್ನಂತೂ ಅಲ್ಲಿನ ಸರ್ಕಾರ ಪಡಿತರ ನಿಲ್ಲಿಸಿದ ದಿನವೇ ಕಳೆದುಕೊಂಡಿತು.

2020ರಲ್ಲಿ ಕೋವಿಡ್‌ಗೆಂದು ಗಡಿ ಮುಚ್ಚಿದ ಮೇಲೆ ಧಾನ್ಯದ ಮಾರಾಟವನ್ನು ಮತ್ತೆ ತನ್ನ ಹಿಡಿತಕ್ಕೆ ತರಲು ಸರ್ಕಾರ ಹೊರಟಿದೆ. ಆ ದೇಶದ ಸುದ್ದಿ ಬಂದಾಗಲೆಲ್ಲ ನಾನು ಕ್ಷಿಪಣಿಯ ವಿಷಯ ಬಿಟ್ಟು, ಸಂತೆಯಲ್ಲಿ ಅಕ್ಕಿಯ ದರ ಎಷ್ಟಾಗಿದೆ ಎಂದು ನೋಡುತ್ತೇನೆ.