ಕೋಳಿಗೂಡಿನ ನಕ್ಷೆಯಲ್ಲಿ ಮೂರನೇ ವರ್ಷ

ಹಿತ್ತಲಲ್ಲಿ ಕೋಳಿಗೂಡು ಕಟ್ಟೋಕೆ ಹೊರಟವರು ಕೇಳೋ ಪ್ರಶ್ನೆಗಳೆಲ್ಲ ಹೆಚ್ಚುಕಮ್ಮಿ ಒಂದೇ. ಎಷ್ಟು ಜಾಗ ಬೇಕು? ವಾಸನೆ ಬರುತ್ತಾ? ಪಕ್ಕದ ಮನೆಯವರು ಜಗಳಕ್ಕೆ ಬರ್ತಾರಾ? ಇವಕ್ಕೆಲ್ಲ ಉತ್ತರ ಇದೆ. ಗೂಡಿನೊಳಗೆ ಒಂದು ಕೋಳಿಗೆ 4 ಚದರ ಅಡಿ. ಮೂರ್ನಾಲ್ಕು ಹೇಂಟೆಗೆ ಮೊಟ್ಟೆಯಿಡಲು ಒಂದು ಪೆಟ್ಟಿಗೆ. ರಾತ್ರಿ ಕೂರೋಕೆ ಎತ್ತರದಲ್ಲೊಂದು ಅಡ್ಡಗೋಲು. ನೆಲಕ್ಕೆ ಭತ್ತದ ಹೊಟ್ಟು ಹಾಸಿ, ಒದ್ದೆಯಾಗದಂತೆ ನೋಡಿಕೊಂಡರೆ ವಾಸನೆಯ ತಕರಾರು ಬಹುಮಟ್ಟಿಗೆ ಮುಗೀತು. ಕೋಳಿ ಜಾಲರಿ ಅಂತ ಅಂಗಡಿಯಲ್ಲಿ ಕೊಡೋ ತೆಳು ತಂತಿಯ ಬಲೆ ಕೋಳಿಯನ್ನು ಒಳಗಿಡುತ್ತೆ, ಅಷ್ಟೇ. ಮುಂಗುಸಿ, ನಾಯಿಗಳನ್ನು ತಡೆಯಲ್ಲ. ಅರ್ಧ ಇಂಚಿನ ವೆಲ್ಡ್ ಮೆಶ್ಶೇ ಬೇಕು, ಅದನ್ನೂ ಒಂದಡಿ ಮಣ್ಣಿನೊಳಕ್ಕೆ ಇಳಿಸಬೇಕು.

ಯಾರೂ ಕೇಳದ ಪ್ರಶ್ನೆ ಇನ್ನೊಂದಿದೆ. ಮೊಟ್ಟೆ ಕಮ್ಮಿಯಾದ ಮೇಲೆ ಏನು ಮಾಡ್ತೀರಿ?

ಹೇಂಟೆ ಚೆನ್ನಾಗಿ ಮೊಟ್ಟೆ ಕೊಡೋದು ಮೊದಲ ಎರಡು ವರ್ಷ. ಆಮೇಲೆ ವರ್ಷವರ್ಷಕ್ಕೂ ಇಳಿಯುತ್ತೆ. ಆದರೆ ಅದು ಆರೇಳು ವರ್ಷ ಆರಾಮಾಗಿ ಬದುಕಬಲ್ಲ ಜೀವ. ಎರಡು ವರ್ಷಕ್ಕೊಮ್ಮೆ ನಾಲ್ಕು ಹೊಸ ಕೋಳಿ ತಂದು, ಹಳೆಯವನ್ನೂ ಸಾಕಿದರೆ ಆರನೇ ವರ್ಷದ ಹೊತ್ತಿಗೆ ಮನೆಯಲ್ಲಿ ಹನ್ನೆರಡು ಕೋಳಿ. ಅಂದರೆ ಬೇಕಾದ ಗೂಡು 16 ಚದರ ಅಡಿಯದಲ್ಲ, 48ರದ್ದು. ನಾನು ನೋಡಿದ ನಕ್ಷೆಗಳೆಲ್ಲ 16ರವು. ಮಿಕ್ಕ ಎಂಟು ಕೋಳಿ ಎಲ್ಲಿಗೆ ಹೋಗುತ್ತವೆ ಅನ್ನೋದನ್ನ ನಕ್ಷೆ ಹೇಳಲ್ಲ, ನಾವೂ ಕೇಳಲ್ಲ.

ಊರಲ್ಲಿ ಈ ಗೊಂದಲ ಇರಲಿಲ್ಲ. ನಾಟಿ ಕೋಳಿ ತಿಪ್ಪೆ ಕೆದಕಿ, ಕಾವಿಗೆ ಕೂತು, ಮರಿ ಮಾಡಿ, ಹದ್ದು ಕಂಡಾಗ ಮರಿಗಳನ್ನೆಲ್ಲ ರೆಕ್ಕೆಯಡಿ ಎಳಕೊಂಡು ಬದುಕುತ್ತಿತ್ತು. ನೆಂಟರು ಬಂದ ದಿನ ಸಾರಾಗುತ್ತಿತ್ತು. ಕಾಳು ಹಾಕಿದ ಕೈಯೇ ಕುತ್ತಿಗೆಯನ್ನೂ ಹಿಡಿಯುತ್ತಿತ್ತು. ಕ್ರೌರ್ಯ ಅನ್ನೋರು ಅನ್ನಲಿ. ಅಲ್ಲಿ ಮುಚ್ಚುಮರೆ ಮಾತ್ರ ಇರಲಿಲ್ಲ.

ನಮ್ಮ ಕಥೆ ಬೇರೆ. ಕೋಳಿಗೆ ಪಿಂಕಿ ಅಂತ ಹೆಸರಿಡ್ತೀವಿ, ಫೋಟೋ ಹಾಕ್ತೀವಿ, ಮೂರನೇ ವರ್ಷ ಯಾರಿಗೋ ಕೊಟ್ಟು, ಮಗುವಿಗೆ 'ಅದು ತೋಟಕ್ಕೆ ಹೋಯ್ತು' ಅಂತೀವಿ. ತೋಟ ಎಲ್ಲಿದೆ ಅಂತ ನಮಗೂ ಗೊತ್ತು. ಕೊಲ್ಲೋದಕ್ಕಿಂತ ಇದೇ ಕೀಳು ಅಂತ ನನ್ನ ಲೆಕ್ಕ. ಸಾವು ಹೇಗೂ ಬರುತ್ತೆ, ಆದರೆ ಅದರ ಹೊಣೆ ನಮಗಿಂತ ಬಡವನಾದ ಒಬ್ಬನ ಚಾಕುವಿಗೆ ವರ್ಗವಾಗಿರುತ್ತೆ.

'ನಾನು ಕೊಲ್ಲಲ್ಲ, ಕೊಲ್ಲಿಸೋದೂ ಇಲ್ಲ, ಸಾಯೋವರೆಗೂ ಸಾಕ್ತೀನಿ' ಅನ್ನೋರಿದ್ದಾರೆ. ದೊಡ್ಡ ಮನಸ್ಸೇ. ಆದರೆ ನೀವು ಮೊಟ್ಟೆ ಫಾರಂನ ತಳಿಯ ಹೆಣ್ಣು ಮರಿಯನ್ನೇ ಆರಿಸಿ ತಂದಿದ್ದರೆ, ಅದರ ಜೊತೆ ಹುಟ್ಟಿದ ಗಂಡುಮರಿ ಬಹುತೇಕ ಮೊದಲ ದಿನವೇ ಹೋಗಿರುತ್ತೆ. ಮೊಟ್ಟೆನೂ ಇಡಲ್ಲ, ಮಾಂಸಕ್ಕೂ ಲಾಭವಿಲ್ಲ ಅಂತ. ಜರ್ಮನಿ ಇದನ್ನು 2022ರಿಂದ ಕಾನೂನಿನಲ್ಲೇ ನಿಲ್ಲಿಸಿದೆ. ಗಂಡು ಹೆಣ್ಣು ಬೇರ್ಪಡಿಸದ ನಾಟಿ ಮರಿ ತಂದರೆ ಈ ಪಾಪ ತಪ್ಪುತ್ತೆ. ಆದರೆ ಅರ್ಧ ಹುಂಜಗಳಾಗಿ, ಬೆಳಗಿನ ಜಾವ ನಾಲ್ಕಕ್ಕೆ ಇಡೀ ಬೀದಿಯನ್ನ ಎಬ್ಬಿಸುತ್ತವೆ.

ಗೆಳೆಯನೊಬ್ಬ ಈ ಲೆಕ್ಕವೆಲ್ಲ ಹಾಕಿ ಎರಡೇ ಹೇಂಟೆ ತಂದು, ಆರಕ್ಕಾಗುವಷ್ಟು ಗೂಡು ಕಟ್ಟಿದ. 'ಇಷ್ಟು ದೊಡ್ಡದು ಯಾಕೆ ಸಾರ್' ಅಂತ ವೆಲ್ಡರ್ ಮೂರು ಸಲ ಕೇಳಿದನಂತೆ. ಈಗ ಆ ಕೋಳಿಗಳಿಗೆ ನಾಲ್ಕು ವರ್ಷ. ವಾರಕ್ಕೆ ಮೂರು ಮೊಟ್ಟೆ ಬಂದರೆ ಹೆಚ್ಚು, ಮನೆಯಲ್ಲಿ ನಾಲ್ಕು ಜನ. ಉಳಿದ ಮೊಟ್ಟೆ ಅಂಗಡಿಯಿಂದ ಬರುತ್ತೆ, ಅಂದರೆ ಒಂದು ಎ4 ಹಾಳೆಯಷ್ಟೂ ಜಾಗವಿಲ್ಲದ ಪಂಜರದಲ್ಲಿ ನಿಂತ ಕೋಳಿಯಿಂದ. ಹೆಂಡತಿ ಇದನ್ನು ಹೇಳಿದಾಗಿನಿಂದ ಅವನು ಭಾನುವಾರ ಬಿಟ್ಟು ಬೇರೆ ದಿನ ಆಮ್ಲೆಟ್ ತಿನ್ನುತ್ತಿಲ್ಲ. ಮಕ್ಕಳು ತಿನ್ನುತ್ತಾರೆ.